ಕಂಬಳಿ ನಿಜವಾಗಿ ಶಾಖ ಕೊಡುತ್ತದೆಯೇ? ಕುರಿಗಾಹಿಯ ಕೊಪ್ಪೆ, ಶಿಡ್ಲಘಟ್ಟದ ಗೂಡು, ಬಾಣಂತಿ ಕೋಣೆಯ ಕೆಂಡ

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕಂಬಳಿಯ ಸಂದೇಶಗಳು ಓಡಾಡತೊಡಗುತ್ತವೆ. ನಿಮಗೂ ಬಂದಿರಬಹುದು. ಕರಿ ಕಂಬಳಿ ತಾನಾಗಿಯೇ ಶಾಖ ಹುಟ್ಟಿಸುತ್ತದೆ, ಮಳೆಯಲ್ಲಿ ನೆನೆಯುವುದೇ ಇಲ್ಲ, ಮೈಯಲ್ಲಿರುವ ಕೆಟ್ಟ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ ಎಂದೆಲ್ಲ ಅವುಗಳಲ್ಲಿ ಇರುತ್ತದೆ. ಜೊತೆಗೆ ಒಂದು ಇತಿಹಾಸ ಪಾಠವೂ ಸೇರಿಕೊಳ್ಳುತ್ತದೆ: ಯುರೋಪಿನವರು ಪ್ರಾಣಿ ಚರ್ಮ ಸುತ್ತಿಕೊಂಡು ನಡುಗುತ್ತಿದ್ದಾಗ ನಮ್ಮ ಹಿರಿಯರು ಉಣ್ಣೆ ನೇಯುತ್ತಿದ್ದರು ಎಂದು. ಕೆಲವು ಸಂದೇಶಗಳ ಕೊನೆಯಲ್ಲಿ ಒಂದು ಸಲಹೆಯೂ ಇರುತ್ತದೆ: ಮಗು ಮತ್ತು ಬಾಣಂತಿಯನ್ನು ಕಂಬಳಿಯಲ್ಲಿ ಪೂರ್ತಿ ಮುಚ್ಚಿ, ಕಿಟಕಿ ಬಾಗಿಲು ಹಾಕಿ, ಕೋಣೆಯಲ್ಲಿ ಕೆಂಡ ಇಡಿ.

ಇದರಲ್ಲಿ ಒಂದಿಷ್ಟು ನಿಜ, ಒಂದಿಷ್ಟು ಅರ್ಧ ನಿಜ. ಕೊನೆಯ ಸಲಹೆ ಮಾತ್ರ ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಬೆಚ್ಚಗಿಡುವುದು ಬಟ್ಟೆಯಲ್ಲ, ಗಾಳಿ

ಮೊದಲ ಪ್ರಶ್ನೆಗೆ ನಿಮ್ಮ ಮನೆಯಲ್ಲೇ ಉತ್ತರ ಸಿಗುತ್ತದೆ. ಒಂದು ಐಸ್ ತುಂಡನ್ನು ಕಂಬಳಿಯಲ್ಲಿ ಸುತ್ತಿಡಿ, ಇನ್ನೊಂದನ್ನು ತಟ್ಟೆಯಲ್ಲಿ ಹಾಗೇ ಬಿಡಿ. ಕಂಬಳಿ ಶಾಖ ಹುಟ್ಟಿಸುವುದಾದರೆ ಒಳಗಿನ ಐಸ್ ಮೊದಲು ಕರಗಬೇಕು. ಆದರೆ ತಟ್ಟೆಯಲ್ಲಿರುವುದೇ ಮೊದಲು ನೀರಾಗುತ್ತದೆ. ಹಳ್ಳಿಯ ಸಂತೆಗಳಲ್ಲಿ ಐಸ್ ಕ್ಯಾಂಡಿ ಮಾರುವವರು ಡಬ್ಬಕ್ಕೆ ಗೋಣಿಚೀಲ ಸುತ್ತುತ್ತಿದ್ದದ್ದು ಇದೇ ಕಾರಣಕ್ಕೆ. ಹೊದಿಕೆಯ ಕೆಲಸ ಶಾಖ ಕೊಡುವುದಲ್ಲ, ಶಾಖ ಈ ಕಡೆಯಿಂದ ಆ ಕಡೆಗೆ ಹೋಗದಂತೆ ತಡೆಯುವುದು.

ಹಾಗಾದರೆ ಶಾಖ ಎಲ್ಲಿಂದ ಬರುತ್ತದೆ? ನಮ್ಮಿಂದಲೇ. ಸುಮ್ಮನೆ ಕೂತಿರುವ ವಯಸ್ಕ ಮನುಷ್ಯನ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖ ಹೊರಹಾಕುತ್ತದೆ, ಹಳೆಯ ಕಾಲದ 100 ಕ್ಯಾಂಡಲ್ ಬಲ್ಬಿನಷ್ಟು. ಅದನ್ನು ಮೈಯ ಹತ್ತಿರವೇ ಹಿಡಿದಿಡಬೇಕು. ಹಿಡಿದಿಡುವುದು ನೂಲಲ್ಲ, ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ನೀರಿನಲ್ಲಿ ಅದರ ಸುಮಾರು 24 ಪಟ್ಟು ಸುಲಭವಾಗಿ ಹರಿಯುತ್ತದೆ. ಒಣ ಬಟ್ಟೆಯಲ್ಲಿ ಗಾಳಿ ಇದ್ದ ಜಾಗಕ್ಕೆ ಮಳೆ ನೀರೋ ಬೆವರೋ ಸೇರಿತೆಂದರೆ ಶಾಖ ಸೋರಿಹೋಗುವುದು ಅದಕ್ಕೇ.

ಕುರಿ ಉಣ್ಣೆಯ ಹೆಚ್ಚುಗಾರಿಕೆ ಇರುವುದು ಅದರ ಸುರುಳಿಯಲ್ಲಿ. ಪ್ರತಿ ಎಳೆಯೂ ಸ್ಪ್ರಿಂಗಿನಂತೆ ಬಾಗಿರುವುದರಿಂದ ಎಳೆಗಳು ಒಂದಕ್ಕೊಂದು ಅಂಟಿ ಮಲಗುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ. ನೇರವಾದ ಕೂದಲಿಗೆ ಈ ಗುಣವಿಲ್ಲ. ಬುದ್ಧನ ಕಾಲದ ಅಜಿತ ಕೇಶಕಂಬಲಿ ಎಂಬ ಚಿಂತಕನಿಗೆ ಆ ಹೆಸರು ಬಂದದ್ದು ಅವನು ಹೊದೆಯುತ್ತಿದ್ದ ಕೂದಲ ಕಂಬಳಿಯಿಂದ. ಅಂಥ ಕಂಬಳಿ ಚಳಿಯಲ್ಲಿ ತಣ್ಣಗೆ, ಸೆಕೆಯಲ್ಲಿ ಬಿಸಿ ಎಂದು ಬೌದ್ಧ ಗ್ರಂಥಗಳು ಗೇಲಿ ಮಾಡಿವೆ. ಕಂಬಳಿ ಎಂದು ಕರೆದ ಮಾತ್ರಕ್ಕೆ ಬೆಚ್ಚಗಾಗುವುದಿಲ್ಲ ಎನ್ನುವುದು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಜನರಿಗೆ ಗೊತ್ತಿತ್ತು.

ಸಂದೇಶದಲ್ಲಿ ಒಂದು ಸಣ್ಣ ನಿಜ ಇದೆ, ಅದನ್ನೂ ಹೇಳಬೇಕು. ಪೂರ್ತಿ ಒಣಗಿದ ಉಣ್ಣೆ ತೇವ ಹೀರಿಕೊಳ್ಳುವಾಗ ಸ್ವಲ್ಪ ಶಾಖ ಬಿಡುತ್ತದೆ. ಹತ್ತಿಯೂ ಬಿಡುತ್ತದೆ, ಆದರೆ ಉಣ್ಣೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬಿಡುತ್ತದೆ. ಪಾಲಿಯೆಸ್ಟರ್ ಬಿಡುವುದು ಲೆಕ್ಕಕ್ಕಿಲ್ಲದಷ್ಟು. ಒಣ ಮನೆಯಿಂದ ಮಂಜಿಗೆ ಹೊರಟಾಗ ಕಂಬಳಿ ಹೊದ್ದವರಿಗೆ ಮೊದಮೊದಲು ಹಿತವೆನಿಸಲು ಇದೂ ಒಂದು ಕಾರಣ. ಉಣ್ಣೆ ತೇವ ಹೀರಿ ಮುಗಿಯಿತೆಂದರೆ ಆ ಶಾಖವೂ ಮುಗಿಯಿತು. ರಾತ್ರಿಯಿಡೀ ನಡೆಯುವ ಹೀಟರ್ ಅದಲ್ಲ.

ಕರಿ ಬಣ್ಣದ ಮಾತೂ ಅಷ್ಟೇ. ಬಿಸಿಲಲ್ಲಿ ಕಪ್ಪು ಹೆಚ್ಚು ಕಾಯುತ್ತದೆ, ಕತ್ತಲ ಕೋಣೆಯಲ್ಲಿ ಕಪ್ಪೂ ಬಿಳಿಯೂ ಒಂದೇ. ವಿದ್ಯುತ್ ಎಳೆಯುವುದು? ಒಣ ಹವೆಯಲ್ಲಿ ಉಣ್ಣೆ ಉಜ್ಜಿದಾಗ ಚಿಟಚಿಟ ಎನ್ನುವುದು ತಿಕ್ಕಾಟದಿಂದ ಹುಟ್ಟಿದ ಸ್ಥಿರ ವಿದ್ಯುತ್. ಪ್ಲಾಸ್ಟಿಕ್ ಬಾಚಣಿಗೆಯಲ್ಲೂ ಅದು ಆಗುತ್ತದೆ. ಅದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.

ಮಳೆಗೆ ಕೊಪ್ಪೆ, ಹಿಮಕ್ಕೆ ಮುಸುಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯ ಬಯಲಲ್ಲಿ ಕುರಿ ಮೇಯಿಸುವ ಹಿರಿಯರನ್ನು ಕಂಡವರಿಗೆ ಕೊಪ್ಪೆ ಗೊತ್ತು. ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಚಿ ತಲೆಯ ಮೇಲೆ ಹಾಕಿಕೊಂಡರೆ ಟೋಪಿಯೂ ಅದೇ, ಮಳೆ ಕೋಟೂ ಅದೇ. ರಾತ್ರಿ ಹಟ್ಟಿಯಲ್ಲಿ ಅದೇ ಹಾಸಿಗೆ, ಅದೇ ಹೊದಿಕೆ. ಈಗ ಅದರ ಜಾಗಕ್ಕೆ ಯೂರಿಯಾ ಚೀಲದ ಕೊಪ್ಪೆ ಬಂದಿದೆ. ಮಳೆಗೆ ಅದು ಸಾಕು, ಚಳಿಗೆ ಸಾಲದು.

ಕಂಬಳಿ ನೇಯುವ ವಿಧಾನದಲ್ಲಿ ಒಂದು ಜಾಣತನವಿದೆ. ದಖ್ಖನಿ ಕುರಿಯ ಉಣ್ಣೆ ಒರಟು. ಆ ನೂಲಿಗೆ ಹುಣಸೆ ಬೀಜ ಅರೆದು ಕುದಿಸಿದ ಅಂಟು ಸವರಿ, ಒಣಗಿಸಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಅಂಟು ನೂಲಿಗೆ ಬಲ ಕೊಡುತ್ತದೆ, ಬಟ್ಟೆಯನ್ನು ಬಿಗಿ ಮಾಡುತ್ತದೆ, ಗಾಳಿ ನುಗ್ಗುವುದನ್ನು ಕಡಿಮೆ ಮಾಡುತ್ತದೆ. ಹೊಸ ಕಂಬಳಿ ಚುಚ್ಚುವುದಕ್ಕೂ ನೆಟ್ಟಗೆ ನಿಲ್ಲುವಷ್ಟು ಗಡುಸಾಗಿರುವುದಕ್ಕೂ ಇದೂ ಕಾರಣ. ಉಣ್ಣೆಯ ಮೇಲೆ ಸಹಜವಾಗಿ ಇರುವ ಜಿಡ್ಡು ಮಳೆ ಹನಿಯನ್ನು ಜಾರಿಸುತ್ತದೆ. ತುಂತುರು ಮಳೆಯಲ್ಲಿ ಕಂಬಳಿ ನೆನೆಯುವುದಿಲ್ಲ ಎನ್ನುವುದು ಅಷ್ಟರ ಮಟ್ಟಿಗೆ ಸರಿ. ಜಡಿಮಳೆಯಲ್ಲಿ ಗಂಟೆಗಟ್ಟಲೆ ನಿಂತರೆ ಅದೂ ನೆನೆಯುತ್ತದೆ, ಹೊರಲಾರದಷ್ಟು ಭಾರವಾಗುತ್ತದೆ. ಆಗಲೂ ಸುರುಳಿ ಎಳೆಗಳು ಪೂರ್ತಿ ಕುಸಿಯದೆ ಒಂದಿಷ್ಟು ಗಾಳಿ ಉಳಿಸಿಕೊಳ್ಳುತ್ತವೆ. ನೆಂದ ಹತ್ತಿ ಬಟ್ಟೆ ಮಾತ್ರ ಮೈಗೆ ಅಂಟಿ ಕೂರುತ್ತದೆ. ತೊಯ್ದ ಬನಿಯನ್ ಬಿಚ್ಚದೆ ಅದರ ಮೇಲೆ ಸ್ವೆಟರ್ ಹಾಕಿದರೆ ನಡುಕ ನಿಲ್ಲದಿರುವುದು ಇದಕ್ಕೇ.

ಕುರುಬ ಸಮುದಾಯದಲ್ಲಿ ಮದುವೆಯ ಕಂಕಣ ಹತ್ತಿಯದೋ ಉಣ್ಣೆಯದೋ ಎನ್ನುವುದರ ಮೇಲೆ ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಪಂಗಡಗಳೇ ಇವೆ. ಪೂಜೆಗೆ ಕರಿ ಕಂಬಳಿಯ ಗದ್ದುಗೆ ಹಾಸುವ ಪದ್ಧತಿ ಬೇರೆ ಸಮುದಾಯಗಳಲ್ಲೂ ಇದೆ. ಕಂಬಳಿಗೆ ಇರುವ ಗೌರವಕ್ಕೆ ಸುಳ್ಳು ವಿಜ್ಞಾನದ ಆಸರೆ ಬೇಕಿಲ್ಲ ಅಂತ ನಮಗನಿಸುತ್ತದೆ.

ಈಗ ಆ ಇತಿಹಾಸ ಪಾಠ. ಮಧ್ಯಯುಗದ ಯುರೋಪಿನವರು ಬರೀ ಚರ್ಮ ಸುತ್ತಿಕೊಂಡಿದ್ದರು ಎನ್ನುವುದು ಸುಳ್ಳು. 1936ರಲ್ಲಿ ಸ್ವೀಡನ್ನಿನ ವಾರ್ಬರಿ ಊರಿನ ಹತ್ತಿರ ಜೌಗು ನೆಲದಲ್ಲಿ ಒಬ್ಬ ಮನುಷ್ಯನ ಅವಶೇಷ ಸಿಕ್ಕಿತು. ಬಾಕ್‌ಸ್ಟೆನ್ ಮನುಷ್ಯ ಎಂದು ಅವನನ್ನು ಕರೆಯುತ್ತಾರೆ. 14ನೇ ಶತಮಾನದವನು. ಮೈಮೇಲಿದ್ದ ಬಟ್ಟೆ ಹೆಚ್ಚುಕಡಿಮೆ ಪೂರ್ತಿ ಉಳಿದಿತ್ತು: ಉಣ್ಣೆಯ ಅಂಗಿ, ಉಣ್ಣೆಯ ಮೇಲುಹೊದಿಕೆ, ಕಾಲಿಗೆ ಉಣ್ಣೆಯ ಚೀಲ, ತಲೆ ಮತ್ತು ಹೆಗಲು ಮುಚ್ಚುವ ಉಣ್ಣೆಯ ಮುಸುಕು. ಆ ಮುಸುಕಿನ ಚಿತ್ರ ನೋಡಿದರೆ ನಮ್ಮ ಕುರಿಗಾಹಿಯ ಕೊಪ್ಪೆ ನೆನಪಾಗದೆ ಇರುವುದಿಲ್ಲ. 1921ರಲ್ಲಿ ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಎಂಬಲ್ಲಿ ಹೆಪ್ಪುಗಟ್ಟಿದ ನೆಲ ಅಗೆದಾಗಲೂ ಇಂಥದೇ ಉಣ್ಣೆ ಅಂಗಿಗಳು, ಮುಸುಕುಗಳು ಸಿಕ್ಕವು.

ಅವರ ಉಡುಗೆಯಲ್ಲಿ ಪದರಗಳ ಲೆಕ್ಕ ಸ್ಪಷ್ಟವಾಗಿತ್ತು. ಮೈಗೆ ತಾಗುವಂತೆ ಅಗಸೆ ನಾರಿನ ಲಿನನ್ ಒಳಅಂಗಿ. ಅದು ಬೆವರು ಹೀರುತ್ತದೆ, ಒಗೆಯಲು ಸುಲಭ, ಉಣ್ಣೆಯಂತೆ ಚುಚ್ಚುವುದಿಲ್ಲ. ಅದರ ಮೇಲೆ ಒಂದೋ ಎರಡೋ ಉಣ್ಣೆಯ ಅಂಗಿ. ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ದಪ್ಪ ಹೊದಿಕೆ. ತುಪ್ಪಳ ಕೊಳ್ಳುವ ಶಕ್ತಿ ಇದ್ದವರು ಅದನ್ನು ಅಂಗಿಯ ಒಳಪದರವಾಗಿ, ಕೂದಲು ಮೈ ಕಡೆಗೆ ಬರುವಂತೆ ಹೊಲಿಸುತ್ತಿದ್ದರು. ಕೂದಲು ಹೊರಗಿದ್ದರೆ ನೋಡಲು ಚಂದ, ಒಳಗಿದ್ದರೆ ಗಾಳಿ ಹಿಡಿಯಲು ಚಂದ.

ಅವರಿಗೆ ಹುಣಸೆ ಅಂಟು ಗೊತ್ತಿರಲಿಲ್ಲ. ಬಟ್ಟೆಯ ಸಂದು ಮುಚ್ಚಲು ಬೇರೆ ದಾರಿ ಹಿಡಿದರು. ನೇಯ್ದ ಉಣ್ಣೆಯನ್ನು ನೀರಿನಲ್ಲಿ ನೆನೆಸಿ ತುಳಿಯುತ್ತಿದ್ದರು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ತುಳಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ನೀವು ಸ್ವೆಟರನ್ನು ಬಿಸಿನೀರಲ್ಲಿ ಹಾಕಿ ವಾಷಿಂಗ್ ಮೆಷಿನ್ ತಿರುಗಿಸಿದಾಗ ಅದು ಮಕ್ಕಳ ಅಳತೆಗೆ ಬರುವುದೂ ಹೀಗೆಯೇ. ಇಂಗ್ಲಿಷರ ವಾಕರ್ ಎಂಬ ಮನೆತನದ ಹೆಸರು ಹೀಗೆ ಬಟ್ಟೆ ತುಳಿಯುವ ಕಸುಬಿನಿಂದ ಬಂದದ್ದು. (ಜಾನಿ ವಾಕರ್ ವಿಷಯ ಕೆಳಗೆ ಬರುತ್ತದೆ.)

ಇನ್ನೊಂದು ಸಂಗತಿ. 1363ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಯಾರು ಎಂಥ ಬಟ್ಟೆ ತೊಡಬೇಕು ಎಂದು ಕಾನೂನು ಮಾಡಿತು. ರೇಷ್ಮೆ, ಬೆಲೆಬಾಳುವ ತುಪ್ಪಳ ದೊಡ್ಡವರಿಗೆ. ಉಳುವವರು, ಕುರಿ ಕಾಯುವವರು ಬ್ಲಾಂಕೆಟ್ ಮತ್ತು ರಸೆಟ್ ಎಂಬ ಒರಟು ಉಣ್ಣೆ ಬಿಟ್ಟು ಬೇರೆ ತೊಡಬಾರದು. ಕಾನೂನು ಹೆಚ್ಚು ಕಾಲ ಉಳಿಯಲಿಲ್ಲ. ಆದರೆ ಕುರಿಗಾಹಿಗೆ ಒರಟು ಕಂಬಳಿ, ಧಣಿಗೆ ರೇಷ್ಮೆ ಎನ್ನುವ ಲೆಕ್ಕ ಅಲ್ಲೂ ಇಲ್ಲೂ ಒಂದೇ ಆಗಿತ್ತು. ಯಾರೂ ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಕುರಿ ಇದ್ದ ಕಡೆಯೆಲ್ಲ ಜನ ಇದನ್ನು ಕಂಡುಕೊಂಡರು.

ಹಾಗಾದರೆ ರೇಷ್ಮೆ ಬೆಚ್ಚಗಲ್ಲವೇ?

ಶಿಡ್ಲಘಟ್ಟದವರು ಇದನ್ನು ಕೇಳಿಯೇ ಕೇಳುತ್ತಾರೆ. ಗೂಡು ಎನ್ನುವುದೇ ಒಂದು ಹೊದಿಕೆ. ಒಳಗಿನ ಕೋಶಕ್ಕೆ ಗಾಳಿ, ಮಳೆ, ಶತ್ರುಗಳಿಂದ ರಕ್ಷಣೆಗೆಂದು ಹುಳು ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಎಳೆ ಒಂದು ಕಿಲೋಮೀಟರ್ ಮುಟ್ಟುತ್ತದೆ. ಪದರದ ಮೇಲೆ ಪದರ, ನಡುವೆ ಗಾಳಿ. ರೇಷ್ಮೆ ಎಳೆಯೂ ಉಣ್ಣೆಯಂತೆ ಪ್ರೋಟೀನು. ಶಾಖ ತಡೆಯುವುದರಲ್ಲಿ ಕಡಿಮೆಯೇನಲ್ಲ.

ಆದರೆ ಗೂಡು ಬಿಚ್ಚಿ ನೂಲು ತೆಗೆದು ಸೀರೆ ನೇಯ್ದ ಮೇಲೆ ಆ ಗಾಳಿಯ ಪದರ ಉಳಿಯುವುದಿಲ್ಲ. ನೂಲು ನುಣುಪು, ನೇರ, ಬಟ್ಟೆ ತೆಳು. ಡಿಸೆಂಬರಿನ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟವರು ಬೆಳಗಿನ ಮುಹೂರ್ತಕ್ಕೆ ಯಾಕೆ ನಡುಗುತ್ತಾರೆ ಎನ್ನುವುದಕ್ಕೆ ಇದು ಉತ್ತರ. ಅದೇ ರೇಷ್ಮೆಯನ್ನು ನೂಲದೆ ಹತ್ತಿಯಂತೆ ಹಿಂಜಿ ರಜಾಯಿಯಲ್ಲಿ ತುಂಬಿದರೆ ಹಗುರ, ಬಹಳ ಬೆಚ್ಚಗೆ.

ಮುಂಜಾನೆಯ ಬೈಕು

ಚಳಿ ಹೆಚ್ಚು ತಟ್ಟುವುದು ನಸುಕಿನಲ್ಲಿ ಕೆಲಸಕ್ಕೆ ಹೊರಡುವವರಿಗೆ: ಗೂಡು ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವವರು, ಚಿಕ್ಕಬಳ್ಳಾಪುರಕ್ಕೆ ಹೂ ತರುವವರು, ಹಾಲು ಹಾಕುವವರು. ರಜೆಯ ದಿನ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಟೀ ಶರ್ಟಿನಲ್ಲಿ ಬರುವ ಹುಡುಗರನ್ನೂ ಸೇರಿಸಿ. 1478 ಮೀಟರ್ ಎತ್ತರದ ಬೆಟ್ಟದ ತಲೆ ಕೆಳಗಿನ ಊರಿಗಿಂತ ಸಾಮಾನ್ಯವಾಗಿ 3ರಿಂದ 4 ಡಿಗ್ರಿ ತಣ್ಣಗಿರುತ್ತದೆ. ಮಂಜು ಬೇರೆ.

ಬೈಕಿನ ವೇಗ ಚಳಿಯನ್ನು ಹೆಚ್ಚಿಸುತ್ತದೆ. ಹವೆ 10 ಡಿಗ್ರಿ ಇದ್ದಾಗ 60 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಬಡಿದರೆ ಬರಿ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯಂತೆ ತಟ್ಟುತ್ತದೆ. ಮೈ ಸುತ್ತಲಿನ ಬೆಚ್ಚನೆ ಗಾಳಿಯನ್ನು ಬಿರುಗಾಳಿ ಕ್ಷಣಕ್ಷಣಕ್ಕೂ ಗುಡಿಸಿಕೊಂಡು ಹೋಗುತ್ತದೆ. ಇಲ್ಲಿ ಎಷ್ಟೇ ದಪ್ಪ ಸ್ವೆಟರ್ ಇದ್ದರೂ ಅದರ ಕಣ್ಣುಗಳಿಂದ ಗಾಳಿ ನುಗ್ಗುತ್ತದೆ. ಸ್ವೆಟರಿನ ಮೇಲೆ ತೆಳುವಾದ ರೇನ್‌ಕೋಟ್ ಹಾಕಿ ನೋಡಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅದೂ ಇಲ್ಲದಿದ್ದರೆ ಎದೆಯ ಮೇಲೆ, ಅಂಗಿಯ ಒಳಗೆ ನಾಲ್ಕು ಮಡಿಕೆ ದಿನಪತ್ರಿಕೆ ಇಟ್ಟುಕೊಳ್ಳಿ. ಹಳೆಯ ಲಾರಿ ಡ್ರೈವರುಗಳ ಉಪಾಯ ಇದು, ಕೆಲಸ ಮಾಡುತ್ತದೆ. ಬಿಗಿಯಾದ ಒಂದೇ ದಪ್ಪ ಅಂಗಿಗಿಂತ ಸ್ವಲ್ಪ ಸಡಿಲವಾದ ಎರಡು ತೆಳು ಅಂಗಿ ಮೇಲು, ಏಕೆಂದರೆ ನಡುವೆ ಗಾಳಿಗೆ ಜಾಗ ಸಿಗುತ್ತದೆ.

ಶಾಖದ ಅರ್ಧ ಭಾಗ ತಲೆಯಿಂದಲೇ ಹೋಗುತ್ತದೆ ಎಂಬ ಮಾತೂ ಹರಿದಾಡುತ್ತದೆ. ದೊಡ್ಡವರಲ್ಲಿ ಹಾಗಿಲ್ಲ. ತಲೆ ಮೈಯ ಹತ್ತನೇ ಒಂದು ಭಾಗದಷ್ಟು, ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಟೋಪಿ ಹಾಕಿ, ಆದರೆ ಕಾಲು ಬರಿದಾಗಿ ಬಿಡಬೇಡಿ. ಹಸುಗೂಸಿನ ಲೆಕ್ಕ ಬೇರೆ: ಅದರ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹಾಗಾಗಿ ಕುಲಾವಿ ಬೇಕೇ ಬೇಕು.

ಒಂದು ಪೆಗ್ ಹಾಕಿದರೆ ಚಳಿ ಹೋಗುತ್ತದೆ ಎನ್ನುವವರಿಗೆ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗೆನಿಸುತ್ತದೆ, ಆದರೆ ಆ ಶಾಖ ಅಲ್ಲಿಂದ ಹೊರಗೆ ಹೋಗುತ್ತದೆ. ಮೈ ಒಳಗೆ ತಣ್ಣಗಾಗುತ್ತಿದ್ದರೂ ಗೊತ್ತಾಗುವುದಿಲ್ಲ. ಬಟ್ಟೆ ತುಳಿಯುತ್ತಿದ್ದ ವಾಕರ್ ಬೇರೆ, ಈ ವಾಕರ್ ಬೇರೆ.

ಬಾಣಂತಿ ಕೋಣೆಯ ಕೆಂಡ

ಈ ಲೇಖನ ಬರೆಯಲು ಮುಖ್ಯ ಕಾರಣ ಇದು. ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು, ಸಾಂಬ್ರಾಣಿ ಹಾಕುವುದು ಹಳೆಯ ಪದ್ಧತಿ. ಆದರೆ ಹಳೆಯ ಮನೆಗೆ ಹೆಂಚಿನ ಮಾಡು ಇತ್ತು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ಗಾಜಿನ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ ಅದೇ ಕೆಂಡ ಇಟ್ಟರೆ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಆಡುತ್ತಿಲ್ಲ, ಕೆಂಡ ಕೆಂಪಗೆ ಚೆನ್ನಾಗಿ ಉರಿದಿದೆ ಎಂದರೂ ಈ ಅನಿಲ ಬರುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಮಂಪರು. ಮಲಗಿರುವವರಿಗೆ ಇದಾವುದೂ ತಿಳಿಯುವುದೇ ಇಲ್ಲ.

ರೇಷ್ಮೆ ಸಾಕುವ ಮನೆಗಳಲ್ಲೂ ಇದೇ ಅಪಾಯವಿದೆ. ಹುಳುವಿಗೆ 24ರಿಂದ 28 ಡಿಗ್ರಿ ಬೇಕು, ಹಾಗಾಗಿ ಚಳಿಗಾಲದಲ್ಲಿ ಹುಳುಮನೆಯಲ್ಲಿ ಇದ್ದಿಲ ಒಲೆ ಇಡುವುದುಂಟು. ಕೆಟ್ಟ ಗಾಳಿ ಹುಳುವಿಗೆ ಆಗದು ಎಂದು ರೈತರಿಗೆ ಗೊತ್ತು, ಗಾಳಿ ಆಡಲು ಬಿಡುತ್ತಾರೆ. ಹುಳುವಿಗೆ ಕೊಡುವಷ್ಟು ಗಾಳಿಯನ್ನು ಬಾಣಂತಿಗೂ ಕೊಡಬೇಡವೇ? ಹುಳು ಕಾಯಲು ಅಲ್ಲೇ ಮಲಗುವ ಅಭ್ಯಾಸವಿದ್ದರೆ ಒಲೆ ಇಟ್ಟ ರಾತ್ರಿ ಹೊರಗೆ ಮಲಗಿ.

ಕೆಂಡ ಇಟ್ಟ ಕೋಣೆಯಲ್ಲಿ ಯಾರಾದರೂ ಎಬ್ಬಿಸಿದರೂ ಏಳದಿದ್ದರೆ, ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದರೆ, ಮೊದಲು ಎಲ್ಲರನ್ನೂ ಹೊರಗೆ ತನ್ನಿ, ಬಾಗಿಲು ಕಿಟಕಿ ತೆರೆಯಿರಿ, 108ಕ್ಕೆ ಕರೆ ಮಾಡಿ, ಕೆಂಡದ ವಿಷಯ ಹೇಳಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಬೇಕು.

ಮಗುವನ್ನು ಬೆಚ್ಚಗಿಡುವುದು ಹೇಗೆ ಹಾಗಾದರೆ? ಹಸುಗೂಸಿನ ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಮಗು ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಮಂಕಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಹೀಟರ್ ತಾಯಿಯ ಎದೆ. ಡೈಪರ್, ಕುಲಾವಿ ಮಾತ್ರ ಹಾಕಿದ ಮಗುವನ್ನು ತಾಯಿಯ ಬರಿ ಎದೆಗೆ ಒರಗಿಸಿ, ಇಬ್ಬರನ್ನೂ ಸೇರಿಸಿ ಮೇಲಿನಿಂದ ಹೊದಿಸುವುದು. ಕಾಂಗರೂ ಆರೈಕೆ ಎಂದು ಆಸ್ಪತ್ರೆಗಳಲ್ಲಿ ಹೇಳಿಕೊಡುವುದು ಇದನ್ನೇ. ತಂದೆಯ ಎದೆಯೂ ಆಗುತ್ತದೆ, ಅಜ್ಜಿಯದೂ ಆಗುತ್ತದೆ. ಉಳಿದ ಹೊತ್ತಿನಲ್ಲಿ ದೊಡ್ಡವರು ಹಾಕಿಕೊಂಡದ್ದಕ್ಕಿಂತ ಒಂದೋ ಎರಡೋ ಪದರ ಹೆಚ್ಚು, ಒಳಗೆ ಮೆತ್ತನೆ ಹತ್ತಿ. ಒದ್ದೆಯಾದ ಬಟ್ಟೆ ತಕ್ಷಣ ಬದಲಿಸಿ. ಮುಖ ಮಾತ್ರ ಯಾವಾಗಲೂ ತೆರೆದಿರಲಿ. ಭಾರದ ಕಂಬಳಿಯನ್ನು ಮೂಗಿನ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಕೂಸಿಗಿಲ್ಲ.

ಕೊಂಡದ್ದು ಉಣ್ಣೆಯೋ ಪ್ಲಾಸ್ಟಿಕ್ಕೋ?

ಉಣ್ಣೆಗಿಂತ ಮಾಂಸಕ್ಕೆ ಬೆಲೆ ಹೆಚ್ಚಾದ ಮೇಲೆ ಕಂಬಳಿ ನೇಯುವ ಮಗ್ಗಗಳು ಕಡಿಮೆಯಾಗಿವೆ. ಚಳ್ಳಕೆರೆಯ ಕಂಬಳಿಗೆ ಈಗಲೂ ಹೆಸರಿದೆ. ಆದರೆ ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಉಣ್ಣೆ ಎಂದು ಮಾರುವ ಹೊದಿಕೆಗಳಲ್ಲಿ ಬಹುಪಾಲು ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಅವೂ ಬೆಚ್ಚಗೇ ಇರುತ್ತವೆ, ಗಾಳಿ ಹಿಡಿಯಲು ಕುರಿಯೇ ಬೇಕೆಂದಿಲ್ಲ. ವ್ಯತ್ಯಾಸ ಗೊತ್ತಾಗುವುದು ಬೆಂಕಿಯ ಹತ್ತಿರ. ಅಂಚಿನಿಂದ ಎರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಗೆ ಹಿಡಿಯಿರಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಟ್ಟು, ಬೆಂಕಿ ತೆಗೆದರೆ ಆರಿ, ಪುಡಿಯಾಗುವ ಕರಿ ಬೂದಿ ಬಿಡುತ್ತದೆ. ರೇಷ್ಮೆಯೂ ಹಾಗೆಯೇ. ಹತ್ತಿ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿದರೆ ಗಾಯ ಆಳವಾಗುತ್ತದೆ, ಹಾಗಾಗಿ ಒಲೆಯ ಮುಂದೆ, ಬೆಂಕಿ ಕಾಯಿಸುವಾಗ ಆ ಹೊದಿಕೆ ಬೇಡ.

ಇನ್ನು ಟ್ರಂಕಿನಿಂದ ವರ್ಷಕ್ಕೊಮ್ಮೆ ತೆಗೆಯುವ ಹಳೆಯ ಕಂಬಳಿ. ನುಸಿ ಗುಳಿಗೆಯ ವಾಸನೆ ಹೊಡೆಯುತ್ತಿದ್ದರೆ ಅದನ್ನು ಹಸುಗೂಸಿಗೆ ಹೊದಿಸಬೇಡಿ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಯಾವ ಮಗುವಿಗೆ ಆ ಕೊರತೆ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ. ಮುಂದಿನ ವರ್ಷಕ್ಕೆ ಕಂಬಳಿ ಎತ್ತಿಡುವಾಗ ಚೆನ್ನಾಗಿ ಕೊಡವಿ, ಎರಡು ಮೂರು ದಿನ ಬಿಸಿಲಲ್ಲಿ ಹಾಕಿ, ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ.